ಗಂಗೆ–ಗೌರಿಯರ ನಡುವೆ ಒಂದು ಕರಿ ವೈರು

ನಾನು ಹೈಸ್ಕೂಲಿನಲ್ಲಿ ವಿಜ್ಞಾನ ಪಾಠ ಮಾಡುವ ಮೇಷ್ಟ್ರು. ಹೀಗಾಗಿ ವೈರು, ಸ್ವಿಚ್ಚು, ಪ್ಲಗ್ಗು, ಫ್ಯೂಸುಗಳ ವಿಷಯದಲ್ಲಿ ಯಾರೂ ನನಗೆ ಏನನ್ನೂ ಹೇಳಿಕೊಡುವ ಅಗತ್ಯವಿಲ್ಲ ಎಂದು ಬಹಳ ಕಾಲ ನಂಬಿಕೊಂಡಿದ್ದೆ. ದೊಡ್ಡಬಳ್ಳಾಪುರದ ನಮ್ಮ ಬೀದಿಯವರೂ ಹಾಗೆಯೇ ನಂಬಿದ್ದರು. ಒಂದು ಭಾನುವಾರ ಮಧ್ಯಾಹ್ನ ನಾವೆಲ್ಲರೂ ಒಟ್ಟಿಗೇ ಆ ನಂಬಿಕೆಯನ್ನು ಕೈಬಿಟ್ಟೆವು.

ಇದು ತೊಂಬತ್ತರ ದಶಕದ ಕೊನೆಯ ಮಾತು. ಆಗ ನಮ್ಮೂರಲ್ಲಿ ಯಾರ ಮನೆಯಲ್ಲಾದರೂ ಒಂದು ಕಂಪ್ಯೂಟರ್ ಇದೆ ಎಂದರೆ ನೆಂಟರು ನೋಡಲು ಬರುತ್ತಿದ್ದರು. ನಮ್ಮ ಮನೆಯಲ್ಲಿ ಎರಡಿದ್ದವು! ಇದರಲ್ಲಿ ನನ್ನ ಹೆಚ್ಚುಗಾರಿಕೆ ಏನೂ ಇಲ್ಲ. ನನ್ನ ಹೆಂಡತಿ ಗಿರಿಜಾ ಕುಂದಾಣದ ಕಡೆಯವಳು, ಹಟ ಜಾಸ್ತಿ. ದಿನಾ ಬಸ್ಸಿನಲ್ಲಿ ಬೆಂಗಳೂರಿಗೆ ಹೋಗಿ ಡಿ.ಟಿ.ಪಿ. ಕಲಿತು ಬಂದು, ಮನೆಯಲ್ಲೇ ಲಗ್ನಪತ್ರಿಕೆ, ಗೃಹಪ್ರವೇಶದ ಕಾರ್ಡು, ಅಂಗಡಿ ಪೂಜೆಯ ಕರಪತ್ರಗಳನ್ನು ಮಾಡಿಕೊಡುತ್ತಿದ್ದಳು. ಮೊದಲು ಒಂದು ಹಳೇ ಕಂಪ್ಯೂಟರ್ ಕೊಂಡಳು. ಕೆಲಸ ಹೆಚ್ಚಾದ ಮೇಲೆ ಹೊಸದೊಂದು ಬಂತು.

ಹೊಸದನ್ನು ಮುಂದಿನ ಕೋಣೆಯಲ್ಲಿ ಇಟ್ಟೆವು. ಹಳೆಯದನ್ನೂ ಅದರ ಜೊತೆಗಿದ್ದ ಸ್ಕ್ಯಾನರನ್ನೂ ಹಿತ್ತಲ ಶೆಡ್ಡಿನಲ್ಲಿ ಇಡಬೇಕೆಂದು ಆಜ್ಞೆ ಮಾಡಿದವನು ನಾನು. ನಮ್ಮಪ್ಪನ ಕಾಲದಲ್ಲಿ ಆ ಶೆಡ್ಡಿನಲ್ಲಿ ಮಗ್ಗಗಳಿದ್ದವು. ಈಗ ಖಾಲಿ ಬಿದ್ದಿತ್ತು. ಮುಂದಿನ ಕೋಣೆ ಕಚೇರಿ, ಹಿಂದಿನ ಶೆಡ್ಡು ತಾಂತ್ರಿಕ ವಿಭಾಗ! ಹಾಗೆಂದು ಎರಡು ಬೋರ್ಡು ಬರೆದು ನಾನೇ ಮೊಳೆ ಹೊಡೆದು ನೇತುಹಾಕಿದ್ದೆ. ಕಚೇರಿಗೂ ತಾಂತ್ರಿಕ ವಿಭಾಗಕ್ಕೂ ನಡುವೆ ಒಂದು ಅಂಗಳ, ಒಂದು ತುಳಸಿಕಟ್ಟೆ, ಬಟ್ಟೆ ಒಗೆಯುವ ಕಲ್ಲು, ಮತ್ತು ವರ್ಷವಿಡೀ ಒಣಗದ ಪಾಚಿ ಇದ್ದವು.

ಹೀಗಿರುವಾಗ ಗಿರಿಜಾಗೆ ಒಂದು ದೊಡ್ಡ ಕೆಲಸ ಸಿಕ್ಕಿತು. ಊರಿನ ನೇಕಾರರ ಸಂಘವೊಂದರ ಬೆಳ್ಳಿಹಬ್ಬದ ಸ್ಮರಣ ಸಂಚಿಕೆ! ಸಂಘದ ಕಾರ್ಯದರ್ಶಿ ರಾಮಯ್ಯನವರು ತಾವೇ ಮನೆಗೆ ಬಂದು, ಹಳೇ ಫೋಟೋಗಳ ಒಂದು ಚೀಲವನ್ನು ಆಕೆಯ ಕೈಗಿತ್ತು, "ನೋಡಮ್ಮ, ಇದೊಂದು ಚೆನ್ನಾಗಿ ಮಾಡ್ಕೊಡು. ಆಮೇಲೆ ಸಂಘದ ಕೆಲ್ಸ ಎಲ್ಲಾ ನಿಂಗೇ. ಸೋಮವಾರ ಬೆಳಿಗ್ಗೆ ಬಂದು ತಗೊಂಡ್ಹೋಗ್ತೀನಿ, ಪ್ರೆಸ್ಸಿಗೆ ಕೊಡ್ಬೇಕು," ಎಂದರು. ಬೆಂಗಳೂರಿನ ಅಂಗಡಿಯವರ ಕೈಗೆ ಹೋಗಬೇಕಿದ್ದ ಕೆಲಸ. ಗಿರಿಜಾ ಎರಡು ದಿನ ನೆಲದ ಮೇಲೆ ನಡೆಯಲಿಲ್ಲ.

ಮೂರನೇ ದಿನ ನಡೆಯಬೇಕಾಯಿತು. ಅದೂ ಅಂಗಳದ ಪಾಚಿಯ ಮೇಲೆ. ಏಕೆಂದರೆ ಫೋಟೋ ಸ್ಕ್ಯಾನ್ ಆಗುವುದು ಶೆಡ್ಡಿನಲ್ಲಿ, ಪುಟ ಕಟ್ಟುವುದು ಮುಂದಿನ ಕೋಣೆಯಲ್ಲಿ. ಫೋಟೋ ಅಲ್ಲಿಂದ ಇಲ್ಲಿಗೆ ಬರಬೇಕಾದರೆ ಫ್ಲಾಪಿಯಲ್ಲಿ ತರಬೇಕು. ಆದರೆ ಒಂದು ಫೋಟೋ ಒಂದು ಫ್ಲಾಪಿಯಲ್ಲಿ ಹಿಡಿಯುತ್ತಿರಲಿಲ್ಲ. ತುಂಡು ಮಾಡಿ ತರಬೇಕಾಗಿತ್ತು.

"ರೀ, ಸಂಸ್ಥಾಪಕ ಅಧ್ಯಕ್ಷರ ಪೇಟ ಒಂದ್ ಫ್ಲಾಪೀಲಿ ಬಂತು, ಮೀಸೆ ಇನ್ನೊಂದ್ರಲ್ಲಿ ಬಂತು. ಮೂರನೇ ಫ್ಲಾಪಿ ಕೆಟ್ಟೋಗಿದೆ. ಈಗ ಗದ್ದ ಇಲ್ದಿರೋ ಅಧ್ಯಕ್ಷರನ್ನ ಹೇಗ್ರೀ ಹಾಕೋದು?" ಎಂದು ಗಿರಿಜಾ ಸೆರಗಿನಿಂದ ಹಣೆ ಒರೆಸಿಕೊಂಡಳು.

ನಾನು ಆರಾಮಕುರ್ಚಿಯಲ್ಲಿ ಕಾಲು ನೀಡಿ ಪೇಪರ್ ಓದುತ್ತಿದ್ದೆ. "ಇದಕ್ಕೆಲ್ಲ ಓಡಾಡ್ತಾರೇನೇ? ಎರಡಕ್ಕೂ ಮಧ್ಯೆ ಒಂದು ವೈರ್ ಎಳೆದರೆ ಮುಗೀತು. ನೆಟ್‌ವರ್ಕ್ ಅಂತಾರೆ," ಎಂದೆ.

"ನಿಮಗೆ ಬರುತ್ತಾ?"

"ಬರುತ್ತಾ ಅಂದ್ರೆ?" ಎಂದೆ, ಪೇಪರ್ ಮಡಿಸುತ್ತಾ. ಮೇಷ್ಟ್ರನ್ನು ಹಾಗೆ ಕೇಳಬಾರದು. ಕೇಳಿದರೆ ಅವರು ಎದ್ದುಬಿಡುತ್ತಾರೆ!

ಮಾರನೆಯ ದಿನ ರಜೆ ಹಾಕಿ ಬೆಂಗಳೂರಿಗೆ ಹೋದೆ. ಅಂಗಡಿಯವನು ಕಂಪ್ಯೂಟರಿನೊಳಗೆ ಕೂರಿಸುವ ಎರಡು ಕಾರ್ಡು, ವೈರು ಸಿಕ್ಕಿಸುವ ಮೂತಿಗಳು, ವೈರಿನ ಎರಡು ತುದಿಗೂ ಹಾಕುವ ಎರಡು ಪುಟ್ಟ ಟೋಪಿಗಳು, ಮೊಳದುದ್ದದ ಒಂದು ಕರಿ ವೈರು, ಇಷ್ಟನ್ನೂ ಪೊಟ್ಟಣ ಕಟ್ಟಿದ. ಉದ್ದದ ವೈರಿನ ಬಗ್ಗೆ ಏನೋ ಹೇಳಲು ಬಾಯಿ ತೆಗೆದ. ನನಗೆ ಬಸ್ಸಿಗೆ ಹೊತ್ತಾಗಿತ್ತು. ಅಷ್ಟಕ್ಕೂ ವೈರಿಗೆ ನಮ್ಮೂರಲ್ಲೇನು ಬರ?

ಬರ ಇರಲಿಲ್ಲ. ಕೇಬಲ್ ನಂಜುಂಡ ಇದ್ದ. ನಮ್ಮ ನಾಲ್ಕು ಬೀದಿಗಳ ಟಿ.ವಿ.ಗಳಿಗೆ ಚಿತ್ರ ಕೊಡುವ ಪುಣ್ಯಾತ್ಮ ಅವನು. ಮೊಪೆಡ್ಡಿನ ಹಿಂದೆ ಸದಾ ಒಂದು ವೈರಿನ ಸುರುಳಿ ಕಟ್ಟಿಕೊಂಡು ಓಡಾಡುತ್ತಿದ್ದ. ವಿಷಯ ಹೇಳಿದೆ. "ಅಯ್ಯೋ, ತಗೊಳ್ಳಿ ಮೇಷ್ಟ್ರೇ, ನೀವು ಕೇಳೋದು ಹೆಚ್ಚಾ?" ಎಂದು ಇಡೀ ಸುರುಳಿಯನ್ನೇ ಬಿಚ್ಚಿ ಕೊಟ್ಟ. ಅಂಗಡಿಯ ವೈರಿನ ಹಾಗೆಯೇ ಕಪ್ಪಗಿತ್ತು. ಅದರ ಹಾಗೆಯೇ ದುಂಡಗಿತ್ತು. ಒಬ್ಬ ವಿಜ್ಞಾನಿಗೆ ಇನ್ನೇನು ಸಾಕ್ಷಿ ಬೇಕು?

ಮುಂದಿನ ಕೋಣೆಯ ಕಿಟಕಿಯಿಂದ ಹೊರಗೆ, ಗೋಡೆಯ ಮೇಲಿಂದ ತಾರಸಿಗೆ, ತಾರಸಿಯ ಅಂಚಿನಿಂದ ಶೆಡ್ಡಿಗೆ ವೈರು ಎಳೆದೆ. ಉಳಿದ ಉದ್ದವನ್ನು ಅಂದವಾಗಿ ಸುರುಳಿ ಸುತ್ತಿ ತಾರಸಿಯ ಕಬ್ಬಿಣದ ಕೊಕ್ಕೆಗೆ ನೇತುಹಾಕಿದೆ. ಆ ಕೊಕ್ಕೆಯಲ್ಲಿ ಆಗಲೇ ನಂಜುಂಡನ ಕೇಬಲ್ಲಿನ ಸುರುಳಿಯೂ ಇತ್ತು. ಕಂಬದಿಂದ ನಮ್ಮ ತಾರಸಿಗೆ ಬಂದು, ಅಲ್ಲಿಂದ ಇಡೀ ಬೀದಿಗೆ ಹೋಗುವ ವೈರು ಅದು. ಎರಡೂ ಅಕ್ಕಪಕ್ಕ, ಅವಳಿ ಮಕ್ಕಳ ಹಾಗೆ ನೇತಾಡಿದವು.

ಕಂಪ್ಯೂಟರುಗಳು ಒಂದನ್ನೊಂದು ಗುರುತಿಸಬೇಕಾದರೆ ಹೆಸರು ಬೇಕಂತೆ. ಮುಂದಿನದಕ್ಕೆ ಗಂಗೆ ಎಂದೂ ಹಿಂದಿನದಕ್ಕೆ ಗೌರಿ ಎಂದೂ ಇಟ್ಟೆ. ಅಷ್ಟರಲ್ಲಿ ನಮ್ಮಮ್ಮ ತುಳಸಿಗೆ ನೀರು ಹಾಕಿ ಒಳಗೆ ಬಂದರು. ಗಿರಿಜಾ ವಿವರಿಸಿದಳು.

"ಅಲ್ವೋ ಸೀನ, ಸವತೀರ ಹೆಸರು ಇಟ್ಟಿದ್ದೀಯಲ್ಲೋ! ಅವು ಮಾತಾಡ್ಕೋತಾವೇನೋ?" ಎಂದರು ಅಮ್ಮ.

"ಇದು ವಿಜ್ಞಾನ ಕಣಮ್ಮ," ಎಂದು ನಕ್ಕೆ.

ಮತ್ತು, ನಂಬಿ, ಅವು ಮಾತಾಡಿದವು! ಗಂಗೆಯ ಪರದೆಯ ಮೇಲೆ ಗೌರಿಯ ಹೆಸರು ಮೂಡಿತು. ಗೌರಿಯ ಹೊಟ್ಟೆಯೊಳಗಿನ ಫೋಟೋಗಳ ಪಟ್ಟಿಯೂ ಕಾಣಿಸಿತು. ಸಂಸ್ಥಾಪಕ ಅಧ್ಯಕ್ಷರನ್ನು ಆರಿಸಿ ನಕಲು ಮಾಡಲು ಆದೇಶ ಕೊಟ್ಟೆ. ಒಂದು ಪೆಟ್ಟಿಗೆಯಿಂದ ಇನ್ನೊಂದು ಪೆಟ್ಟಿಗೆಗೆ ಕಾಗದಗಳು ಹಾರಿಹೋಗುವ ಚಿತ್ರ ಬಂತು. ಕೆಳಗೆ 'ಇನ್ನು ಮೂರು ನಿಮಿಷ' ಎಂಬರ್ಥದ ಸಾಲು. ನಾನು ಗಿರಿಜಾ ಕಡೆ ನೋಡಿದೆ. ಗಿರಿಜಾ ನನ್ನ ಕಡೆ ನೋಡಿದಳು. ಮದುವೆಯಾದ ಹೊಸದರಲ್ಲಿ ಹಾಗೆ ನೋಡಿದ್ದಳು. ಆಮೇಲೆ ಅದೇ ಮೊದಲು.

"ಕಾಫಿ ತರ್ತೀನಿ ಇರಿ," ಎಂದು ಎದ್ದಳು.

ಕಾಫಿ ಬರುವ ಹೊತ್ತಿಗೆ ಮೂರು ನಿಮಿಷ ಹೋಗಿ ನಲವತ್ತು ನಿಮಿಷವಾಗಿತ್ತು. ಕಾಫಿ ಕುಡಿದು ಲೋಟ ಇಡುವಷ್ಟರಲ್ಲಿ ಆ ಸಾಲು 'ಇನ್ನು ಐದು ಗಂಟೆ' ಎನ್ನುತ್ತಿತ್ತು. ನಾನು ಪರದೆಗೆ ಅಡ್ಡವಾಗಿ ಕೂತೆ.

"ರೀ, ಹೋಗ್ತಾ ಇದೆಯೋ, ನಿಂತಿದೆಯೋ?"

"ಹೋಗ್ತಾ ಇದೆ. ಸ್ವಲ್ಪ ಸಾವಧಾನವಾಗಿ."

ಗಿರಿಜಾ ಮೊರದ ತುಂಬ ಹುರುಳಿಕಾಯಿ ತಂದು ಪಕ್ಕದಲ್ಲೇ ಕೂತು ನಾರು ಬಿಡಿಸಿದಳು. ಅದು ಮುಗಿಯಿತು. ಬೇಯಿಸಿದಳು. ನಾವೆಲ್ಲ ತಿಂದೆವು. ಅಧ್ಯಕ್ಷರು ಇನ್ನೂ ಅಂಗಳ ದಾಟುತ್ತಲೇ ಇದ್ದರು. ಕೊನೆಗೆ ಬಂದೇ ಬಿಟ್ಟರು, ಇನ್ನೇನು ಒಂದು ಹೆಜ್ಜೆ ಎನ್ನುವಾಗ ಕರೆಂಟ್ ಹೋಯಿತು!

"ಪರವಾಗಿಲ್ಲ, ಮೊದಲನೇ ಸಲ ಅಲ್ವಾ," ಎಂದೆ ಕತ್ತಲಲ್ಲಿ. ಕತ್ತಲಾದ್ದರಿಂದ ಗಿರಿಜಾಳ ಮುಖ ಕಾಣಲಿಲ್ಲ. ಒಳ್ಳೆಯದೇ ಆಯಿತು.

ಅಲ್ಲಿಂದ ನನ್ನ ಸಂಶೋಧನೆ ಆರಂಭವಾಯಿತು. ವೇಗ ಏಕಿಲ್ಲ? ನಾನು ತಲುಪಿದ ಮೊದಲ ತೀರ್ಮಾನ: ಪಕ್ಕದ ಮನೆ ಪುಟ್ಟಸ್ವಾಮಿಯವರ ಪವರ್‌ಲೂಮ್‌ಗಳು. ಬೆಳಗಿನಿಂದ ಸಂಜೆಯವರೆಗೆ ಟಕಟಕ ಎಂದು ಗೋಡೆ ಅದುರಿಸುತ್ತವೆ. ಗೋಡೆ ಅದುರಿದರೆ ವೈರು ಅದುರುತ್ತದೆ. ವೈರು ಅದುರಿದರೆ ಒಳಗೆ ಹೋಗುತ್ತಿರುವ ಫೋಟೋ ಏನಾಗಬೇಡ? ಪುಟ್ಟಸ್ವಾಮಿಯವರ ಬಳಿ ಹೋಗಿ, ಅರ್ಧ ಗಂಟೆ ಮಗ್ಗ ನಿಲ್ಲಿಸಿಕೊಡಬೇಕೆಂದು ವಿನಂತಿಸಿಕೊಂಡೆ. ಅವರು ಮರ್ಯಾದಸ್ಥರು. ಮೇಷ್ಟ್ರು ಕೇಳಿದರೆಂದು ನಿಲ್ಲಿಸಿಯೇ ಬಿಟ್ಟರು.

ಮಗ್ಗ ನಿಂತಿದ್ದೇ ತಡ, ನಮ್ಮ ಬೀದಿಯಲ್ಲಿ ಮಧ್ಯಾಹ್ನದ ನಿದ್ದೆಯಲ್ಲಿದ್ದವರೆಲ್ಲ ಎದ್ದು ಕೂತರು! ಹುಟ್ಟಿದಾಗಿನಿಂದ ಆ ಸದ್ದಿನಲ್ಲೇ ಮಲಗಿ ಅಭ್ಯಾಸ. ತೊಟ್ಟಿಲ ಮಕ್ಕಳು ಅಳತೊಡಗಿದವು. ನಮ್ಮಮ್ಮ ಗಾಬರಿಯಿಂದ ಹೊರಗೆ ಬಂದು, "ಯಾರು ಹೋಗ್ಬಿಟ್ರೋ?" ಎಂದು ಕೇಳಿದರು. ಅಧ್ಯಕ್ಷರ ನಡಿಗೆಯಲ್ಲಿ ಮಾತ್ರ ಯಾವ ಬದಲಾವಣೆಯೂ ಕಾಣಲಿಲ್ಲ.

ಎರಡನೆಯ ತೀರ್ಮಾನ: ಕಂಪ್ಯೂಟರಿನೊಳಗೆ ಬೇಡದ ಸಾಮಾನು ತುಂಬಿದೆ. ಸೆಟ್ಟಿಂಗುಗಳ ಪುಟ ತೆರೆದು, ಅರ್ಥವಾಗದ ಹೆಸರಿನ ಸಾಲುಗಳನ್ನೆಲ್ಲ ತೆಗೆದುಹಾಕಿದೆ. ಅರ್ಥವಾಗುತ್ತಿದ್ದುದು ಒಂದೂ ಇರಲಿಲ್ಲವಾದ್ದರಿಂದ ಎಲ್ಲವೂ ಹೋದವು. ಗಂಗೆ ಗೌರಿಯನ್ನು ಗುರುತಿಸುವುದನ್ನೇ ನಿಲ್ಲಿಸಿದಳು. ನೋಡಿಯೇ ಇಲ್ಲ ಎಂಬಂತೆ ಒಂದು ದಿನ ಪೂರ್ತಿ ಮುಖ ತಿರುಗಿಸಿಕೊಂಡು ಕೂತಳು. "ನಾ ಅವತ್ತೇ ಹೇಳ್ಲಿಲ್ವಾ, ಸವತೀರು ಮಾತಾಡ್ಕೊಳ್ಳಲ್ಲ ಅಂತ," ಎಂದರು ಅಮ್ಮ. ಹೇಗೋ ಎಲ್ಲವನ್ನೂ ಮತ್ತೆ ತುಂಬಿದೆ. ನಿಧಾನ ಹಾಗೇ ಉಳಿಯಿತು.

ಅಷ್ಟರಲ್ಲಿ ಬೀದಿಯಲ್ಲಿ ಒಂದು ಸುದ್ದಿ ಹರಡಿತ್ತು. ನಾನು ತಾರಸಿ ಹತ್ತುವುದು, ಇಳಿಯುವುದು, ಕರಿ ವೈರು ಎಳೆಯುವುದನ್ನು ಎಲ್ಲರೂ ನೋಡಿದ್ದರು. ಒಂದು ಸಂಜೆ ಪುಟ್ಟಸ್ವಾಮಿಯವರು ಜಗಲಿಯ ಮೇಲೆ ಬಂದು ಕೂತರು.

"ಮೇಷ್ಟ್ರೇ, ಪಕ್ಕದ ಮನೆಯವರು ನಾವು. ಮೊದಲ್ನೇ ಕನೆಕ್ಷನ್ನು ನಮಗೇ ಕೊಡ್ಬೇಕು, ನೋಡಿ."

"ಯಾವ ಕನೆಕ್ಷನ್ನು?"

"ಮುಚ್ಚಿಡ್ಬೇಡಿ ಬಿಡಿ. ನೀವು ಹೊಸ ಕೇಬಲ್ ಶುರು ಮಾಡ್ತಿದ್ದೀರಂತಲ್ಲ."

"ಅಯ್ಯೋ, ಅಲ್ಲಾ ಪುಟ್ಟಸ್ವಾಮಿಯವರೇ. ಇದು ಕಂಪ್ಯೂಟರ್ ವೈರು. ಇದರಲ್ಲಿ ಫೋಟೋ ಹೋಗುತ್ತೆ."

"ಅದೇ ಮತ್ತೆ!" ಎಂದರು ಅವರು ತೊಡೆ ತಟ್ಟಿ. "ವೈರಲ್ಲಿ ಫೋಟೋ ಬಂದ್ರೆ ಅದನ್ನೇ ಅಲ್ವಾ ಟಿ.ವಿ. ಅನ್ನೋದು!"

ಮಾರನೆಯ ದಿನ ನಂಜುಂಡನೇ ಬಂದ. ಮೊಪೆಡ್ ನಿಲ್ಲಿಸಿದ ರೀತಿಯಲ್ಲೇ ಸಿಟ್ಟು ಗೊತ್ತಾಗುತ್ತಿತ್ತು.

"ಏನ್ ಮೇಷ್ಟ್ರೇ, ನನ್ ಹತ್ರಾನೇ ವೈರ್ ಈಸ್ಕೊಂಡು ನನ್ ಹೊಟ್ಟೆ ಮೇಲೇ ಹೊಡೀತೀರಾ? ನಿಮ್ಮನ್ನ ದೇವ್ರು ಅನ್ಕೊಂಡಿದ್ದೆ."

ಕೈಹಿಡಿದು ಒಳಗೆ ಕರೆದುಕೊಂಡು ಹೋಗಿ, ಗಂಗೆಯ ಮುಂದೆ ಕೂರಿಸಿ, ಸಂಘದ ಎರಡನೇ ಅಧ್ಯಕ್ಷರನ್ನು ಕಳಿಸಿ ತೋರಿಸಿದೆ. ಕಾಗದಗಳು ಹಾರಿದವು. ನಂಜುಂಡ ಕಣ್ಣು ಮಿಟುಕಿಸದೆ ನೋಡಿದ. ಇನ್ನೂ ನೋಡಿದ. ಗಿರಿಜಾ ತಂದ ಮಜ್ಜಿಗೆ ಕುಡಿದು ಮತ್ತೆ ನೋಡಿದ.

"ಮೇಷ್ಟ್ರೇ, ಇದರಲ್ಲಿ ಇದೊಂದೇ ಪ್ರೋಗ್ರಾಮಾ ಬರೋದು?"

"ಇದೊಂದೇ."

ಅವನ ಮುಖ ಅರಳಿತು. "ಸದ್ಯ! ಇದನ್ನ ಯಾರೂ ನೋಡಲ್ಲ ಬಿಡಿ," ಎಂದು ನೆಮ್ಮದಿಯಿಂದ ಹೊರಟುಹೋದ. ನನ್ನ ಕೆಲಸದ ಬಗ್ಗೆ ಆ ವಾರ ಕೇಳಿಬಂದ ಅತ್ಯಂತ ಕರುಣೆಯ ಮಾತು ಅದು.

ಭಾನುವಾರ ಬಂತು. ಮಾರನೆಯ ಬೆಳಿಗ್ಗೆ ರಾಮಯ್ಯನವರು ಬರುವವರು. ಬರಹವೆಲ್ಲ ಸಿದ್ಧವಾಗಿತ್ತು. ಆದರೆ ಅರ್ಧಕ್ಕರ್ಧ ಫೋಟೋಗಳು ಇನ್ನೂ ಶೆಡ್ಡಿನಲ್ಲೇ ಇದ್ದವು. ಪುಟಗಳಲ್ಲಿ ಹೆಸರಿನ ಮೇಲೆ ಖಾಲಿ ಚೌಕಗಳು. ಗಿರಿಜಾ ಸಿಟ್ಟಾಗಿದ್ದರೆ ತಡೆದುಕೊಳ್ಳಬಹುದಿತ್ತು. ಅವಳು ಆ ಖಾಲಿ ಚೌಕಗಳನ್ನೇ ನೋಡುತ್ತಾ ಕೂತಿದ್ದಳು.

"ಆಗ್ಲಿಲ್ಲ ಅಂತ ಹೇಳಿಬಿಡ್ತೀನಿ ಅವರಿಗೆ," ಎಂದಳು ಮೆಲ್ಲಗೆ.

"ಮಧ್ಯಾಹ್ನದೊಳಗೆ ಮಾಡಿಕೊಡ್ತೀನಿ. ಕಾರಣ ಸಿಕ್ಕಿದೆ," ಎಂದೆ.

ಸಿಕ್ಕಿರಲಿಲ್ಲ. ಹೇಳಿದ ಮೇಲೆ ಹುಡುಕಿದೆ. ಮತ್ತು, ಆಶ್ಚರ್ಯ, ಸಿಕ್ಕಿತು! ವೈರಿನ ಉದ್ದ ಹೆಚ್ಚಾದಷ್ಟೂ ಅದರ ಪ್ರತಿರೋಧ ಹೆಚ್ಚುತ್ತದೆ. ವರ್ಷಾ ವರ್ಷ ಕರಿಹಲಗೆಯ ಮೇಲೆ ನಾನೇ ಬರೆದ ಮಾತು. ತಾರಸಿಯಲ್ಲಿ ಒಂದು ಸುರುಳಿ ವೈರು ದಂಡಕ್ಕೆ ನೇತಾಡುತ್ತಿದೆ. ಪಾಪ, ಫೋಟೋಗಳು ಅಷ್ಟೂ ಸುತ್ತು ಸುತ್ತಿ ಬರಬೇಕಲ್ಲ! ಸುರುಳಿಯನ್ನು ಕತ್ತರಿಸಿ ನೇರ ಮಾಡಿದರೆ ಮುಗಿಯಿತು. ಕಟಿಂಗ್ ಪ್ಲೇಯರ್ ಹಿಡಿದು ತಾರಸಿ ಹತ್ತಿದೆ.

ಅಂದು ಭಾರತದ್ದೂ ನೆರೆದೇಶದ್ದೂ ಕ್ರಿಕೆಟ್ ಪಂದ್ಯ. ಪುಟ್ಟಸ್ವಾಮಿಯವರೇ ಮಗ್ಗ ನಿಲ್ಲಿಸಿದ್ದರು. ಬೀದಿಯಲ್ಲಿ ಒಂದು ನರಪಿಳ್ಳೆ ಇಲ್ಲ. ಎಲ್ಲ ಮನೆಗಳಿಂದಲೂ ಒಂದೇ ಧ್ವನಿಯಲ್ಲಿ ವೀಕ್ಷಕ ವಿವರಣೆ ಕೇಳುತ್ತಿತ್ತು. ನಾನು ಕೊಕ್ಕೆಯ ಮುಂದೆ ನಿಂತೆ. ಎರಡು ಸುರುಳಿ. ಎರಡೂ ಕಪ್ಪು. ಒಂದು ಕ್ಷಣ ಯೋಚಿಸಿದೆ. ಸುತ್ತಿದ ರೀತಿ ಅಂದವಾಗಿರುವುದು ನನ್ನದೇ ಇರಬೇಕು ಎಂದು ತೀರ್ಮಾನಿಸಿ ಅದನ್ನು ಕತ್ತರಿಸಿದೆ.

ಕೂಡಲೇ ಇಡೀ ಬೀದಿಯಿಂದ ಒಂದೇ ಸಲ "ಓ...!" ಎಂಬ ಭಾರೀ ಕೂಗು ಎದ್ದಿತು.

ನಮ್ಮವರು ಸಿಕ್ಸರ್ ಹೊಡೆದಿರಬೇಕು ಎಂದು ನನಗೂ ಸಂತೋಷವಾಯಿತು.

ಇನ್ನಷ್ಟು ಹುರುಪಿನಿಂದ ಆ ಸುರುಳಿಯನ್ನು ಕೈಗೆ ಬಂದಷ್ಟು ತುಂಡು ಮಾಡಿ ಎಸೆದೆ. ಅದೇ ಭರದಲ್ಲಿ ಪಕ್ಕದ ಸುರುಳಿಗೂ ಒಂದು ಕಡೆ ಕತ್ತರಿ ಬಿತ್ತು. ಸಿಕ್ಕ ತುದಿಗೆ ಸಿಕ್ಕ ತುದಿ ಹೊಂದಿಸಿ ಗಂಟು ಹಾಕಿದೆ. ಕೆಳಗಿಳಿದು ಗಂಗೆಯನ್ನು ಕೇಳಿದೆ. ಗೌರಿಯ ಸುಳಿವೇ ಇಲ್ಲ. ಮತ್ತೆ ಹತ್ತಿದೆ. ಈಗ ಬೀದಿಯ ತುಂಬ ಜನ! ಎಲ್ಲರೂ ಸೊಂಟದ ಮೇಲೆ ಕೈಯಿಟ್ಟು ಕಂಬದ ಕಡೆ ನೋಡುತ್ತಿದ್ದರು. ತಾರಸಿಯ ಅಂಚಿನಿಂದ ಬಗ್ಗಿ ಕೇಳಿದೆ:

"ಏನ್ ಪುಟ್ಟಸ್ವಾಮಿಯವರೇ, ಗೆದ್ವಾ?"

ಪುಟ್ಟಸ್ವಾಮಿಯವರು ತಲೆಯೆತ್ತಿ ನನ್ನ ಮುಖ ನೋಡಿದರು. ಆಮೇಲೆ ನನ್ನ ಕೈ ನೋಡಿದರು. ಕೈಯಲ್ಲಿ ಕಟಿಂಗ್ ಪ್ಲೇಯರ್ ಇತ್ತು.

ಅವರು ಏನೂ ಹೇಳಲಿಲ್ಲ. ಹೇಳುವವರು ಬೇರೆ ಬಹಳ ಜನ ಇದ್ದರು.

ಸ್ವಲ್ಪ ಹೊತ್ತಿಗೆ ನಂಜುಂಡ ಬಂದ. ಎರಡೆರಡು ಮೆಟ್ಟಿಲು ಹಾರಿ ತಾರಸಿಗೆ ಬಂದು, ಕೊಕ್ಕೆ ನೋಡಿ, ನನ್ನ ಗಂಟು ನೋಡಿ, ತಲೆ ಹಿಡಿದುಕೊಂಡು ಕೂತ.

"ಮೇಷ್ಟ್ರೇ, ಕಂಬದಿಂದ ಬರೋ ಲೈನ್ನ ನಿಮ್ ಕಂಪ್ಯೂಟರ್‌ಗೆ ಸೇರಿಸ್ಬಿಟ್ಟಿದ್ದೀರಲ್ಲ! ಇಡೀ ಬೀದಿ ಮ್ಯಾಚು ನಿಮ್ಮನೆ ಪೆಟ್ಟಿಗೆ ಒಳಗೆ ಹೋಗ್ತಾ ಇದೆ!"

"ಸಾರಿ ನಂಜುಂಡ. ಬೇಗ ಜೋಡ್ಸು."

"ಎಲ್ಲಿಂದ ಜೋಡ್ಸಲಿ? ತುಂಡು ತುಂಡು ಮಾಡಿದ್ದೀರಿ, ವೈರು ಎಟುಕಲ್ಲ. ಬೇರೆ ಸುರುಳಿ ಇಲ್ವಾ ಅಂದ್ರೆ, ಇದ್ದಿದ್ದನ್ನ ನಿಮಗೇ ಕೊಟ್ಟಿದ್ದೀನಿ!"

ಹೀಗಾಗಿ ನನ್ನ ನೆಟ್‌ವರ್ಕನ್ನು ಸಾರ್ವಜನಿಕ ಹಿತದೃಷ್ಟಿಯಿಂದ ವಶಪಡಿಸಿಕೊಳ್ಳಲಾಯಿತು. ಕಿಟಕಿಯಿಂದ ಶೆಡ್ಡಿನವರೆಗಿನ ನನ್ನ ವೈರನ್ನು ನಂಜುಂಡ ಸರಸರನೆ ಕಿತ್ತು, ಬೀದಿಯ ಲೈನಿನ ಕಡಿದ ತುದಿಗಳ ನಡುವೆ ಎಳೆದ. ಒಂದು ಕಡೆ ಭದ್ರವಾಗಿ ಕೂಡಿಸಿದ. ಇನ್ನೊಂದು ಕಡೆ ಕೂಡಿಸಲು ಬೇಕಾದ ಪಿನ್ನು ಅವನ ಬಳಿ ಇರಲಿಲ್ಲ. ಅದು ಮನೆಯಲ್ಲಿತ್ತು. ಹೋಗಿ ಬರುವಷ್ಟರಲ್ಲಿ ಪಂದ್ಯ ಮುಗಿಯುತ್ತಿತ್ತು. ಕೆಳಗಿನಿಂದ ಜನ ಕೂಗುತ್ತಿದ್ದರು. ನಂಜುಂಡ ನನ್ನ ಎರಡು ಕೈಗೂ ಒಂದೊಂದು ತುದಿ ಕೊಟ್ಟು, ಹೊಂದಿಸಿ, ಒತ್ತಿ ಹಿಡಿಸಿದ.

"ಬಂತು! ಬಂತು!" ಎಂದು ಮನೆಗಳಿಂದ ಕೂಗು.

"ಹಿಂಗೇ ಹಿಡ್ಕೊಂಡಿರಿ ಮೇಷ್ಟ್ರೇ. ಅಲ್ಲಾಡ್ಬೇಡಿ," ಎಂದು ನಂಜುಂಡ ಮೊಪೆಡ್ ಹತ್ತಿ ಹೋದ.

ನಾನು ಹಿಡಿದುಕೊಂಡೆ. ಬಿಸಿಲಲ್ಲಿ, ತಾರಸಿಯ ಅಂಚಿನಲ್ಲಿ, ಎರಡೂ ಕೈ ಎದೆಯ ಮಟ್ಟಕ್ಕೆ ಎತ್ತಿ, ಪೂಜೆಗೆ ನಿಂತವನ ಹಾಗೆ. ಉಸಿರು ಸ್ವಲ್ಪ ಜೋರಾಗಿ ಬಿಟ್ಟರೂ ಕೆಳಗಿನಿಂದ, "ಮೇಷ್ಟ್ರೇ, ಚುಕ್ಕಿ ಬರ್ತಿದೆ!" ಎಂದು ಕೂಗುತ್ತಿದ್ದರು. ಕೊಂಚ ಎಡಕ್ಕೆ ಸರಿದರೆ, "ಬಣ್ಣ ಹೋಯ್ತು! ಮೊದಲಿನ ಹಾಗೇ ನಿಂತ್ಕೊಳ್ಳಿ!" ನನ್ನ ಪಾಠವನ್ನು ಯಾರೂ ಇಷ್ಟು ಶ್ರದ್ಧೆಯಿಂದ ಗಮನಿಸಿದ್ದಿಲ್ಲ. ಪಂದ್ಯ ಕೊನೆಯ ಓವರಿಗೆ ಬಂತು. ಬೀದಿ ನಿಶ್ಶಬ್ದವಾಯಿತು. ಕೊನೆಯ ಎಸೆತ. ಓಡಿಬರುತ್ತಿದ್ದಾನೆ ಎಂದು ವಿವರಣೆಯಲ್ಲಿ ಕೇಳಿಸಿತು.

ಆಗ ನನ್ನ ಮೂಗು ತುರಿಸಿತು.

ನಾನೂ ಮನುಷ್ಯ. ಎಷ್ಟು ಹೊತ್ತು ತಡೆಯಲಿ? ಒಂದೇ ಒಂದು ಸಲ ಬೆರಳಿನಿಂದ ಹೀಗೆ ಮುಟ್ಟಿದೆ. ಮತ್ತೆ ವೈರು ಹಿಡಿಯುವಷ್ಟರಲ್ಲಿ ಪಂದ್ಯ ಮುಗಿದಿತ್ತು. ಯಾರು ಗೆದ್ದರೆಂಬುದು ನಮ್ಮ ಬೀದಿಗೆ ಆಮೇಲೆ ಮೇಲಿನ ಬೀದಿಯವರು ಪಟಾಕಿ ಹೊಡೆದಾಗ ಗೊತ್ತಾಯಿತು. ಗೆಲ್ಲಿಸಿದ ಆ ಹೊಡೆತವನ್ನು ಮಾತ್ರ ನಮ್ಮ ಬೀದಿಯಲ್ಲಿ ಯಾರೂ ನೋಡಲಿಲ್ಲ!

ನಂಜುಂಡ ಪಿನ್ನು ತಂದು ವೈರು ಕೂಡಿಸಿದ ಮೇಲೆ, ತಲೆ ತಗ್ಗಿಸಿ ಕೆಳಗಿಳಿದೆ. ಗಿರಿಜಾಗೆ ಏನು ಹೇಳುವುದು? ವೇಗವಂತೂ ಇಲ್ಲ, ಈಗ ವೈರೂ ಇಲ್ಲ. ರಾಮಯ್ಯನವರ ಮುಂದೆ ಅವಳು ತಲೆ ತಗ್ಗಿಸಬೇಕು, ಅದೂ ನನ್ನಿಂದ. ಮುಂದಿನ ಕೋಣೆಯ ಬಾಗಿಲಲ್ಲಿ ನಿಂತುಬಿಟ್ಟೆ.

ಒಂದೇ ಮೇಜಿನ ಮೇಲೆ ಗಂಗೆ ಮತ್ತು ಗೌರಿ ಪಕ್ಕಪಕ್ಕ ಕೂತಿದ್ದರು. ನಡುವೆ ಮೊಳದುದ್ದದ ಕರಿ ವೈರು. ಪರದೆಯ ಮೇಲೆ ಕಾಗದಗಳು ಹಾರುತ್ತಿದ್ದವು. ನಾನು ನೋಡುತ್ತಿದ್ದಂತೆಯೇ ಒಂದು ಫೋಟೋ ಬಂದು ಮುಟ್ಟಿತು. ಇನ್ನೊಂದು ಬಂತು. ಮತ್ತೊಂದು!

"ಕೊನೇದು ಇದು," ಎಂದಳು ಗಿರಿಜಾ, ತಿರುಗಿ ನೋಡದೆ. ಪುಟದಲ್ಲಿ ಸಂಸ್ಥಾಪಕ ಅಧ್ಯಕ್ಷರು ಪೇಟ, ಮೀಸೆ, ಗದ್ದ ಸಮೇತ ನಗುತ್ತಿದ್ದರು.

"ಹೇಗೆ ಮಾಡ್ದೆ?"

"ನಾನಲ್ಲ, ಅಮ್ಮ ಮಾಡಿದ್ದು."

ಅಮ್ಮ ಗೋಡೆಗೆ ಒರಗಿ ಕಾಲು ಒತ್ತಿಕೊಳ್ಳುತ್ತಿದ್ದರು. "ನೀ ಮೇಲೆ ವೈರು ಹಿಡ್ಕೊಂಡು ನಿಂತಿದ್ದೆ. ಇವಳು ಇಲ್ಲಿ ಕಣ್ಣೀರು ಹಾಕ್ತಿದ್ಲು. ಎರಡೂ ಪೆಟ್ಟಿಗೇನ ಒಂದೇ ರೂಮಲ್ಲಿ ಇಟ್ರೆ ಆಗಲ್ವೇನೇ ಅಂತ ಕೇಳ್ದೆ. ಆಗುತ್ತೆ ಅಂದ್ಲು. ಇಬ್ರೂ ಹಿಡ್ಕೊಂಡು ತಂದ್ವಿ. ಮತ್ಯಾಕೋ ಸೀನ, ಅದನ್ನ ಹಿತ್ಲಲ್ಲಿ ಇಟ್ಟಿದ್ದೆ?"

ತಾಂತ್ರಿಕ ವಿಭಾಗ ಎಂದು ಹೇಳಲು ನಾಲಿಗೆ ಏಳಲಿಲ್ಲ.

"ಆದ್ರೆ ಗಿರಿಜಾ," ಎಂದೆ ಉಳಿದಿದ್ದ ಮರ್ಯಾದೆಯನ್ನು ಒಟ್ಟುಗೂಡಿಸಿ, "ನನ್ನ ಲೆಕ್ಕಾಚಾರ ಸರೀನೇ ಇತ್ತು ನೋಡು. ವೈರು ಗಿಡ್ಡ ಆಗಿದ್ದಕ್ಕೇ ತಾನೇ ಬೇಗ ಬಂತು?"

ಗಿರಿಜಾ ಎದ್ದು, ತಾರಸಿಯಿಂದ ಅಂಗಳಕ್ಕೆ ಬಿದ್ದಿದ್ದ ಒಂದು ತುಂಡು ವೈರನ್ನು ತಂದು ನನ್ನ ಕೈಯಲ್ಲಿಟ್ಟಳು. ಅದರ ಮೈಮೇಲೆ ಬಿಳೀ ಅಕ್ಷರದಲ್ಲಿ ಎಪ್ಪತ್ತೈದು ಓಮ್ ಎಂದು ಅಚ್ಚಾಗಿತ್ತು. ಅಂಗಡಿಯವನು ಕೊಟ್ಟ ಗಿಡ್ಡ ವೈರಿನ ಮೇಲೆ ಐವತ್ತು ಓಮ್ ಎಂದಿತ್ತು. ತುದಿಗೆ ಹಾಕುವ ಟೋಪಿಯ ಮೇಲೂ ಐವತ್ತೇ ಇತ್ತು.

"ಅದು ಟಿ.ವಿ. ವೈರು, ಇದು ಕಂಪ್ಯೂಟರ್ ವೈರು. ಎರಡೂ ಬೇರೆ ಅಂತ ಮೇಲೇ ಬರ್ದಿದೆ," ಎಂದಳು. "ಈ ಓಮ್ ಅನ್ನೋದು ಏನ್ರೀ? ನಿಮ್ ಪಾಠದಲ್ಲಿ ಬರುತ್ತಾ?"

ಬರುತ್ತದೆ. ಹತ್ತನೇ ತರಗತಿಯಲ್ಲಿ ಒಂದು ಇಡೀ ಅಧ್ಯಾಯ ಇದೆ. ನಾನೇ ಮಾಡುತ್ತೇನೆ.

ಸೋಮವಾರ ಬೆಳಿಗ್ಗೆ ರಾಮಯ್ಯನವರು ಬಂದರು. ಪುಟಗಳನ್ನು ಒಂದೊಂದಾಗಿ ತಿರುವಿ ನೋಡಿದರು. ತಮ್ಮ ತಂದೆಯ ಫೋಟೋ ಬಂದಾಗ ಕನ್ನಡಕ ತೆಗೆದು ಒರೆಸಿಕೊಂಡರು. "ಇಷ್ಟು ಚೆನ್ನಾಗಿ ಬರುತ್ತೆ ಅನ್ಕೊಂಡಿರ್ಲಿಲ್ಲಮ್ಮ. ಇನ್ಮೇಲೆ ಎಲ್ಲಾ ಕೆಲ್ಸಾನೂ ನಿನ್ಹತ್ರಾನೇ ಕಳಿಸ್ತೀನಿ," ಎಂದರು. ಆಮೇಲೆ ನನ್ನ ಕಡೆ ತಿರುಗಿ, "ನೀವೂ ಏನಾದ್ರೂ ಸಹಾಯ ಮಾಡಿದ್ರಾ ಮೇಷ್ಟ್ರೇ?" ಎಂದು ಕೇಳಿದರು.

"ಇವರು ಬೀದಿಯವರಿಗೆ ಸಹಾಯ ಮಾಡ್ತಿದ್ರು," ಎಂದಳು ಗಿರಿಜಾ.

ನಾನು ಸ್ಕೂಲಿಗೆ ಹೊತ್ತಾಯಿತೆಂದು ಎದ್ದೆ.

ಅಂದು ಹತ್ತನೇ ತರಗತಿಗೆ ಯಾವ ಪಾಠವಿತ್ತೆಂದು ಬೇರೆ ಹೇಳಬೇಕೆ? ಕರಿಹಲಗೆಯ ಮೇಲೆ 'ಪ್ರತಿರೋಧ' ಎಂದು ಬರೆದೆ. ಅಕ್ಷರ ಸ್ವಲ್ಪ ಚಿಕ್ಕದಾಗಿಯೇ ಬರೆದೆ. ಹರಿದು ಹೋಗುತ್ತಿರುವುದಕ್ಕೆ ತಡೆಯೊಡ್ಡುವುದನ್ನು ಪ್ರತಿರೋಧ ಎನ್ನುತ್ತೇವೆ ಎಂದು ವಿವರಿಸಿದೆ. ಅಭ್ಯಾಸಬಲದಿಂದ ಎಂದಿನ ಪ್ರಶ್ನೆ ಬಾಯಿಂದ ಜಾರಿತು.

"ಇದಕ್ಕೆ ನಿತ್ಯಜೀವನದಿಂದ ಯಾರಾದರೂ ಒಂದು ಉದಾಹರಣೆ ಕೊಡಿ."

ಇಡೀ ತರಗತಿ ತುಟಿ ಕಚ್ಚಿಕೊಂಡು ಕೂತಿತು. ಕೊನೆಗೆ ಎರಡನೇ ಬೆಂಚಿನಿಂದ ಒಬ್ಬಳು ಹುಡುಗಿ, ಎಂದೂ ಬಾಯಿ ಬಿಡದವಳು, ಎದ್ದು ನಿಂತು ಬಹಳ ವಿನಯದಿಂದ ಹೇಳಿದಳು:

"ಸಾರ್, ತಾರಸಿ ಮೇಲೆ ನಿಂತು ಮೂಗು ತುರಿಸ್ಕೊಳ್ಳೋ ಮೇಷ್ಟ್ರು, ಸಾರ್."

ಉತ್ತರದಲ್ಲಿ ತಪ್ಪು ಹುಡುಕಿದೆ. ಸಿಗಲಿಲ್ಲ.